ಬಂಧು-ಬಳಗಕ್ಕೆ ಕ್ಯಾನ್ಸರ್ ಜೀನ್ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ 41ನೇ ವಯಸ್ಸಿಗೆ ಎದೆಯ (ಸ್ತನದ) ಕ್ಯಾನ್ಸರ್ ಬಂತು. ಈಗ ಆರು ವರ್ಷ ಆಯಿತು, ಆರಾಮ ಇದ್ದೇನೆ. ಮನೆ ಹುಬ್ಬಳ್ಳಿಯಲ್ಲಿ, ತವರು ಗದಗ-ಬೆಟಗೇರಿ, ಬಳಗ ಹಾವೇರಿ, ರಾಣೆಬೆನ್ನೂರಿನ ತನಕ ಹರಡಿದೆ. ಚಿಕಿತ್ಸೆ ನಡೆದಾಗಲೇ ರಕ್ತದ ಜೀನ್ ಪರೀಕ್ಷೆಯೂ ಆಯಿತು. ಬಿಆರ್‌ಸಿಎ2 ಎಂಬ ಜೀನ್‌ನಲ್ಲಿ ದೋಷ ಇದೆ, ಇದು ವಂಶದಲ್ಲಿ ಬಂದದ್ದು, ನಿಮ್ಮ ರಕ್ತಸಂಬಂಧಿಕರಿಗೆ ತಿಳಿಸಿ ಅಂತ ಡಾಕ್ಟರು ಹೇಳಿದರು.

ನಾನು ತಿಳಿಸಲಿಲ್ಲ. ಕಾಕಾನ ಸಣ್ಣ ಮಗಳ ಲಗ್ನ ಗಟ್ಟಿಯಾಗಿತ್ತು. ಬೀಗರ ಕಿವಿಗೆ ಬಿದ್ದರೆ ಹೇಗೆ ಅಂತ ಹೆದರಿ ರಿಪೋರ್ಟನ್ನು ತಿಜೋರಿಯಲ್ಲಿ, ಸೀರೆಗಳ ಕೆಳಗೆ ಇಟ್ಟೆ. ಏಳು ತಿಂಗಳು ಅಲ್ಲೇ ಇತ್ತು. ಅದೇ ಏಳು ತಿಂಗಳಲ್ಲಿ ಕಾಕಾನ ದೊಡ್ಡ ಮಗಳ ಎದೆಯಲ್ಲಿ ಗಂಟು ಬಂತು. ಕೂಸಿಗೆ ಹಾಲು ಕುಡಿಸುತ್ತಿದ್ದಳು, ಹಾಲು ಗಂಟು ಕಟ್ಟಿದೆ ಅಂತ ಅರಿಶಿನ ಹಚ್ಚಿಕೊಂಡು ಕೂತಳು. ತೋರಿಸುವ ಹೊತ್ತಿಗೆ ಕಂಕುಳಕ್ಕೂ ಹಬ್ಬಿತ್ತು. ಅವಳೂ ಈಗ ಆರಾಮ ಇದ್ದಾಳೆ, ಆದರೆ ಅವಳು ಪಟ್ಟ ಪಾಡಿನಲ್ಲಿ ಅರ್ಧ ತಪ್ಪಿಸಬಹುದಿತ್ತು. "ಅಕ್ಕಾ, ಮೊದ್ಲ ಯಾಕ ಹೇಳಲಿಲ್ಲ?" ಅಂತ ಒಂದೇ ಸಲ ಕೇಳಿದಳು.

ಅವತ್ತಿನಿಂದ ನಾನು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಬಳಗದವರು, ಅವರ ಪರಿಚಯದವರು, ಆಸ್ಪತ್ರೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವರು ಕೇಳಿದ ಪ್ರಶ್ನೆಗಳೇ ಇಲ್ಲಿವೆ. ನಾನು ಡಾಕ್ಟರ್ ಅಲ್ಲ. ನಿಮ್ಮ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

ನಮ್ಮ ಮನೆಯಲ್ಲೂ ಕ್ಯಾನ್ಸರ್ ಆದವರಿದ್ದಾರೆ. ಎಲ್ಲರೂ ಪರೀಕ್ಷೆ ಮಾಡಿಸಬೇಕಾ?

ಬೇಡ. ನೂರು ಕ್ಯಾನ್ಸರ್‌ಗಳಲ್ಲಿ ಸುಮಾರು 5ರಿಂದ 10 ಮಾತ್ರ ಹೀಗೆ ಹುಟ್ಟಿನಿಂದಲೇ ಬಂದ ಜೀನ್ ದೋಷದಿಂದ ಆಗುವಂಥವು. ನಮ್ಮ ಕಡೆ ಗುಟ್ಕಾ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಆದವರು ಓಣಿಗೊಬ್ಬರು ಸಿಗುತ್ತಾರೆ. ಅದಕ್ಕೆ ಬೇಕಾದದ್ದು ಗುಟ್ಕಾ ಬಿಡಿಸುವುದು, ಜೀನ್ ಪರೀಕ್ಷೆ ಅಲ್ಲ. ಗರ್ಭಕೊರಳಿನ ಕ್ಯಾನ್ಸರ್ ಕೂಡ ಬಹುತೇಕ ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುತ್ತದೆ, ಅದಕ್ಕೆ ಲಸಿಕೆ ಇದೆ.

ಹಾಗಾದರೆ ಅನುಮಾನ ಯಾವಾಗ ಬರಬೇಕು? 50 ವರ್ಷದ ಒಳಗೆ ಎದೆಯ ಕ್ಯಾನ್ಸರ್ ಆಗಿದ್ದರೆ. ಯಾವುದೇ ವಯಸ್ಸಿನಲ್ಲಿ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ. ಗಂಡಸಿಗೆ ಎದೆಯ ಕ್ಯಾನ್ಸರ್ ಆಗಿದ್ದರೆ. ಎರಡೂ ಎದೆಗೆ ಬಂದಿದ್ದರೆ. 'ಟ್ರಿಪಲ್ ನೆಗೆಟಿವ್' ಅಂತ ಎದೆಯ ಕ್ಯಾನ್ಸರಿನ ರಿಪೋರ್ಟಿನಲ್ಲಿ ಬರೆದಿದ್ದರೆ. ಮೇದೋಜೀರಕದ ಕ್ಯಾನ್ಸರ್, ಅಥವಾ ದೇಹಕ್ಕೆಲ್ಲ ಹಬ್ಬಿದ ಪ್ರಾಸ್ಟೇಟ್ (ಗಂಡಸರ ಮೂತ್ರಚೀಲದ ಕೆಳಗಿನ ಗ್ರಂಥಿ) ಕ್ಯಾನ್ಸರ್ ಆಗಿದ್ದರೆ. ಇನ್ನೊಂದು ಗುಂಪು ಇದೆ: ಸಣ್ಣ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅಥವಾ ಗರ್ಭಚೀಲದ ಕ್ಯಾನ್ಸರ್ ಒಂದೇ ಮನೆತನದಲ್ಲಿ ಎರಡು ಮೂರು ಮಂದಿಗೆ ಆಗಿದ್ದರೆ ಅದು ಲಿಂಚ್ ಸಿಂಡ್ರೋಮ್ ಇರಬಹುದು. ಅದರ ಜೀನ್‌ಗಳು ಬೇರೆ, ಆದರೆ ಬಳಗಕ್ಕೆ ಹೇಳುವ ಕೆಲಸ ಒಂದೇ.

ಮೊದಲು ಯಾರು ಮಾಡಿಸಬೇಕು?

ಕಾಯಿಲೆ ಆದವರೇ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಅವ್ವಗೆ ಕ್ಯಾನ್ಸರ್ ಆಗಿರುತ್ತದೆ, ಮಗಳು ಹೆದರಿ ತಾನು ಪರೀಕ್ಷೆ ಮಾಡಿಸುತ್ತಾಳೆ, ನೆಗೆಟಿವ್ ಬರುತ್ತದೆ, ಖುಷಿ ಪಡುತ್ತಾಳೆ. ಆದರೆ ಅವ್ವನಲ್ಲಿ ಯಾವ ದೋಷ ಇತ್ತು, ಇತ್ತೋ ಇಲ್ಲವೋ ಎಂಬುದೇ ಗೊತ್ತಿಲ್ಲದಿದ್ದರೆ ಮಗಳ ನೆಗೆಟಿವ್‌ಗೆ ಪೂರ್ತಿ ಅರ್ಥ ಬರುವುದಿಲ್ಲ. ಅವ್ವನ ದೋಷ ಸಿಕ್ಕ ಮೇಲೆ ಮಗಳಲ್ಲಿ ಅದೊಂದನ್ನೇ ಹುಡುಕಿದರೆ ಉತ್ತರ ಸ್ವಚ್ಛವಾಗಿ ಬರುತ್ತದೆ: ಇದೆ, ಇಲ್ಲ.

ಕಾಯಿಲೆ ಆದವರಿಗೂ ಇದರಿಂದ ಲಾಭ ಇದೆ. ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ಜೀನ್‌ನಲ್ಲಿ ದೋಷ ಇರುವವರ ಕೆಲವು ಕ್ಯಾನ್ಸರ್‌ಗಳಿಗೆ ಒಲಾಪರಿಬ್‌ನಂಥ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ ಹಿರಿಯರಿಗೆ "ನಮ್ಮ ಸಲುವಾಗಿ ಮಾಡಿಸಿಕೋ" ಅಂತ ಮಾತ್ರ ಹೇಳಬೇಡಿ, "ನಿನ್ನ ಔಷಧಿ ಆರಿಸೋಕೂ ಬೇಕು" ಅಂತಲೂ ಹೇಳಿ.

ಕಾಯಿಲೆ ಆದವರು ತೀರಿಕೊಂಡಿದ್ದರೆ? ಹತ್ತಿರದ ರಕ್ತಸಂಬಂಧಿ ಮಾಡಿಸಬಹುದು. ಆಪರೇಷನ್ ಆದ ಆಸ್ಪತ್ರೆಯಲ್ಲಿ ಮೇಣದಲ್ಲಿ ಇಟ್ಟ ಮಾಂಸದ ತುಣುಕು ಉಳಿದಿದ್ದರೆ ಕೆಲವೊಮ್ಮೆ ಅದರಿಂದಲೂ ಸುಳಿವು ಸಿಗುತ್ತದೆ. ಡಾಕ್ಟರನ್ನು ಕೇಳಿ ನೋಡಿ.

ಬಯಾಪ್ಸಿ ಆಗಿದೆ, ಗಡ್ಡೆಯ ಜೀನ್ ಪರೀಕ್ಷೆಯೂ ಆಗಿದೆ. ಅದು ಸಾಲದಾ?

ಸಾಲದು. ಗಡ್ಡೆಯಲ್ಲಿ ಕಾಣುವ ಬದಲಾವಣೆಗಳಲ್ಲಿ ಬಹಳಷ್ಟು ಆ ಗಡ್ಡೆಯಲ್ಲೇ ಆಮೇಲೆ ಹುಟ್ಟಿದವು, ಮಕ್ಕಳಿಗೆ ಹೋಗುವುದಿಲ್ಲ. ವಂಶದಲ್ಲಿ ಬಂದದ್ದು ಹೌದೋ ಅಲ್ಲವೋ ನೋಡಲು ರಕ್ತ ಅಥವಾ ಜೊಲ್ಲಿನ ಪರೀಕ್ಷೆ ಬೇಕು. 'ಜರ್ಮ್‌ಲೈನ್' ಪರೀಕ್ಷೆ ಅಂತ ಕೇಳಿ.

ಏನದು ಜೀನ್ ದೋಷ? ನಮ್ಮ ಹಿರಿಯರಿಗೆ ಹೇಗೆ ತಿಳಿಸಿ ಹೇಳಲಿ?

ನಮ್ಮ ಕಾಕಾ ಬೆಟಗೇರಿಯಲ್ಲಿ ಮೂವತ್ತು ವರ್ಷ ಮಗ್ಗ ನಡೆಸಿದವರು. ನಾನು ಜೀನ್, ಡಿಎನ್‌ಎ ಅಂತ ಒದ್ದಾಡುತ್ತಿದ್ದಾಗ ಅವರೇ ನನಗೆ ತಿಳಿಸಿ ಹೇಳಿದರು. ಜಕಾರ್ಡ್ ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ ಇರುತ್ತದೆ ನೋಡಿ. ಯಾವ ಎಳೆ ಮೇಲೆ ಏಳಬೇಕು, ಯಾವುದು ಕೆಳಗೆ ಉಳಿಯಬೇಕು ಅಂತ ಆ ತೂತುಗಳೇ ಹೇಳುತ್ತವೆ. "ಕಾರ್ಡಿನ್ಯಾಗ ಒಂದ ತೂತ ತಪ್ಪಿದ್ರ ನೂಲು ಎಷ್ಟ ಛಲೋ ಇದ್ರೂ ಎಲ್ಲಾ ಸೀರಿ ಸೆರಗಿನ್ಯಾಗೂ ಅದ ತಪ್ಪು ಬರತೈತಿ. ಹಂಗೇನು?" ಅಂದರು. ಹಂಗೇ.

ಒಂದು ವಿಷಯ ಮಾತ್ರ ಸೇರಿಸಿಕೊಳ್ಳಬೇಕು. ನಮ್ಮಲ್ಲಿ ಪ್ರತಿ ಜೀನ್‌ನ ಎರಡು ಸರ ಇರುತ್ತವೆ, ಅಪ್ಪನದೊಂದು, ಅವ್ವನದೊಂದು. ಬಿಆರ್‌ಸಿಎ ಜೀನ್‌ಗಳ ಕೆಲಸ ಒಡೆದ ಡಿಎನ್‌ಎಯನ್ನು ರಿಪೇರಿ ಮಾಡುವುದು. ಒಂದು ಸರ ಕೆಟ್ಟಿದ್ದರೂ ಇನ್ನೊಂದು ಸರ ಕೆಲಸ ನಡೆಸಿಕೊಂಡು ಹೋಗುತ್ತದೆ. ಯಾವುದೋ ಒಂದು ಜೀವಕೋಶದಲ್ಲಿ ಆ ಎರಡನೆಯದೂ ಕೆಟ್ಟರೆ ಅಲ್ಲಿಂದ ಕ್ಯಾನ್ಸರ್ ಶುರುವಾಗಬಹುದು. ಅದಕ್ಕೇ ದೋಷ ಇದ್ದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ನಮ್ಮ ಅಪ್ಪನಿಗೆ 72 ವರ್ಷ, ಅವರಲ್ಲೂ ಇದೇ ದೋಷ ಇದೆ, ಒಂದು ದಿನ ಆಸ್ಪತ್ರೆಯಲ್ಲಿ ಮಲಗಿದವರಲ್ಲ.

ಇದು ಅವ್ವನ ಕಡೆಯಿಂದ ಬರೋದಲ್ವಾ? ಗಂಡಸರಿಗೆ ಯಾಕೆ ಪರೀಕ್ಷೆ?

ಈ ಒಂದು ತಪ್ಪು ತಿಳಿವಳಿಕೆಯಿಂದ ಆಗಿರುವ ನುಕಸಾನು ಜಾಸ್ತಿ. ಎದೆ, ಅಂಡಾಶಯ ಅಂದ ಕೂಡಲೇ ಎಲ್ಲರೂ ಅವ್ವ, ಅಜ್ಜಿ, ಚಿಕ್ಕವ್ವನ ಕಡೆ ನೋಡುತ್ತಾರೆ. ಈ ದೋಷ ಅಪ್ಪನಿಂದಲೂ ಅಷ್ಟೇ ಬರುತ್ತದೆ. ಇರುವವರ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಬರುವ ಸಾಧ್ಯತೆ 50%. ನಾಣ್ಯ ಹಾರಿಸಿದ ಹಾಗೆ, ಪ್ರತಿ ಸಲವೂ ಹೊಸದಾಗಿ. ಅಕ್ಕನಿಗೆ ಬಂದಿದೆ, ಹಾಗಾಗಿ ತಂಗಿಗೆ ಬರುವುದಿಲ್ಲ ಅಂತ ಏನೂ ಇಲ್ಲ.

ನನಗೆ ಬಂದದ್ದು ಅಪ್ಪನ ಕಡೆಯಿಂದ. ಅಪ್ಪನ ತಂಗಿ, ನಮ್ಮ ಸೋದರತ್ತಿ, 52ನೇ ವಯಸ್ಸಿಗೆ ತೀರಿಕೊಂಡರು. "ಹೊಟ್ಟ್ಯಾಗ ನೀರು ತುಂಬಿತ್ತು" ಅಂತಲೇ ಎಲ್ಲರೂ ಹೇಳುತ್ತಿದ್ದರು. ನನ್ನ ರಿಪೋರ್ಟ್ ಬಂದ ಮೇಲೆ ಅವರ ಹಳೆಯ ಕಾಗದ ತೆಗೆಸಿ ನೋಡಿದರೆ ಅಂಡಾಶಯದ ಕ್ಯಾನ್ಸರ್. ಅಷ್ಟು ವರ್ಷ ಅದು ನಮ್ಮ ಮನೆಯಲ್ಲಿ ನೀರಾಗಿಯೇ ಉಳಿದಿತ್ತು.

ಗಂಡಸರು ದೋಷವನ್ನು ಮಕ್ಕಳಿಗೆ ದಾಟಿಸುತ್ತಾರೆ ಅಷ್ಟೇ ಅಲ್ಲ, ಅವರಿಗೂ ಅಪಾಯ ಇದೆ. ಬಿಆರ್‌ಸಿಎ2 ಇದ್ದ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಬಂದರೆ ಅದು ಜೋರಾಗಿ ಬೆಳೆಯುವ ಥರದ್ದಾಗಿರುವುದೂ ಜಾಸ್ತಿ. ಎದೆಯ ಕ್ಯಾನ್ಸರ್ ನೂರರಲ್ಲಿ 6ರಿಂದ 8 ಮಂದಿಗೆ ಬರಬಹುದು. ನಮ್ಮ ಕಾಕಾ, ಮಗಳ ರಿಪೋರ್ಟ್ ಬಂದ ಮೇಲೆ, ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸಿದರು. ಅದೇ ವರ್ಷ ಪ್ರಾಸ್ಟೇಟ್‌ನಲ್ಲಿ ಸಣ್ಣದಾಗಿರುವಾಗಲೇ ಸಿಕ್ಕಿತು. ಮೂತ್ರಕ್ಕೆ ತೊಂದರೆ ಏನೂ ಇರಲಿಲ್ಲ, ಕಾಯುತ್ತಾ ಕೂತಿದ್ದರೆ ಸಿಗುತ್ತಿರಲಿಲ್ಲ.

ಯಾರ್ಯಾರಿಗೆ ಹೇಳಬೇಕು?

ರಕ್ತಸಂಬಂಧಿಕರಿಗೆ, ಹತ್ತಿರದವರಿಂದ ಶುರು ಮಾಡಿ. ಮಕ್ಕಳು, ಅಣ್ಣ-ತಮ್ಮ, ಅಕ್ಕ-ತಂಗಿ, ಅಪ್ಪ-ಅವ್ವ. ದೋಷ ಯಾರ ಕಡೆಯಿಂದ ಬಂತು ಅಂತ ಗೊತ್ತಾದರೆ ಆ ಕಡೆಯ ಕಾಕಾ, ಅತ್ತಿ, ಮಾಮಾ, ಚಿಕ್ಕವ್ವ, ಅವರ ಮಕ್ಕಳು. ಅಪ್ಪನಲ್ಲಿ ಇದೆ ಅಂದರೆ ಅಪ್ಪನ ಒಡಹುಟ್ಟಿದವರಿಗೆ ಸಾಧ್ಯತೆ 50%, ಅವರ ಮಕ್ಕಳಿಗೆ 25%. ಆದರೆ ಕಾಕಾನಲ್ಲಿ ಇಲ್ಲ ಅಂತ ಬಂದರೆ ಅವರ ಮಕ್ಕಳು, ಮೊಮ್ಮಕ್ಕಳು ಯಾರೂ ಮಾಡಿಸಬೇಕಾಗಿಲ್ಲ. ಅಲ್ಲಿಗೆ ಆ ಟೊಂಗೆ ಮುಗಿಯಿತು. ಇದು ತಲೆಮಾರು ಹಾರಿ ಮೊಮ್ಮಕ್ಕಳಿಗೆ ಬರುವಂಥದ್ದಲ್ಲ.

ಒಂದು ದೊಡ್ಡ ಹಾಳೆ ತಗೊಂಡು ಮನೆತನದ ಗಿಡ ಬರೆಯಿರಿ. ಯಾರಿಗೆ, ಯಾವ ವಯಸ್ಸಿಗೆ, ಏನು ಕಾಯಿಲೆ. ಹಿರಿಯರನ್ನು ಕೇಳುವಾಗ ಕ್ಯಾನ್ಸರ್ ಎಂಬ ಶಬ್ದ ಹಿಡಿದು ಕೇಳಬೇಡಿ, ಇಲ್ಲ ಅಂದುಬಿಡುತ್ತಾರೆ. ಹೊಟ್ಟೆಗೆ ನೀರು ತುಂಬಿತ್ತಾ, ಎದೆಯಲ್ಲಿ ಹುಣ್ಣಾಗಿತ್ತಾ, ಗರ್ಭಚೀಲ ತೆಗೆಸಿದ್ದು ಯಾಕೆ, ಮೀರಜಿಗೋ ಮುಂಬೈಗೋ ಕರೆದುಕೊಂಡು ಹೋಗಿದ್ದರಾ ಅಂತ ಕೇಳಿ. ನಮ್ಮ ಅಜ್ಜಿಯ ಕಡೆಯ ಒಬ್ಬ ಮುದುಕಿ ಇಂಥ ನಾಲ್ಕು ಪ್ರಶ್ನೆಗೆ ಮೂರು ಹೆಸರು ಹೇಳಿದಳು. ಕ್ಯಾನ್ಸರ್ ಅಂತ ಕೇಳಿದಾಗ ಒಂದೂ ಹೇಳಿರಲಿಲ್ಲ.

ನಮ್ಮಲ್ಲಿ ಒಳಗಿಂದೊಳಗೇ ಮದುವೆ. ಅದರಿಂದ ವ್ಯತ್ಯಾಸ ಆಗುತ್ತಾ?

ಆಗುತ್ತದೆ, ಸರಿಯಾಗಿ ಗಮನ ಕೊಡಬೇಕಾದ ವಿಷಯ ಇದು. ಹೊರಗಿನವರು ಬರೆದ ಮಾಹಿತಿಯಲ್ಲಿ ಇದು ಅಷ್ಟಾಗಿ ಸಿಗುವುದಿಲ್ಲ, ಏಕೆಂದರೆ ಅವರಲ್ಲಿ ಸೋದರಮಾವನಿಗೆ, ಅತ್ತಿ ಮಗನಿಗೆ ಕೊಡುವ ಪದ್ಧತಿ ಇಲ್ಲ.

ನಮ್ಮ ವೈನಿ (ಅಣ್ಣನ ಹೆಂಡತಿ) ಮೇಲೆ ಹೇಳಿದ ಅದೇ ಸೋದರತ್ತಿಯ ಮಗಳು. ಸೋದರತ್ತಿಯಲ್ಲೂ ಇದೇ ದೋಷ ಇತ್ತು ಅಂತ ಹಿಡಿದರೆ ನಮ್ಮ ಅಣ್ಣನಿಗೂ 50% ಸಾಧ್ಯತೆ, ವೈನಿಗೂ 50%. ಸಾಮಾನ್ಯವಾಗಿ ಮನೆಗೆ ಬಂದ ಸೊಸೆಗೆ ಪರೀಕ್ಷೆ ಬೇಕಾಗುವುದಿಲ್ಲ. ನಮ್ಮಂಥ ಮನೆಗಳಲ್ಲಿ ಬೇಕು. ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೆ ಕನಿಷ್ಠ ಒಂದು ಕೆಟ್ಟ ಸರ ಬರುವ ಸಾಧ್ಯತೆ ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಿಆರ್‌ಸಿಎ2ನ ಎರಡೂ ಸರ ಕೆಟ್ಟು ಹುಟ್ಟುವ ಮಗುವಿಗೆ ಫ್ಯಾಂಕೋನಿ ಅನೀಮಿಯಾ ಎಂಬ ಕಷ್ಟದ ಕಾಯಿಲೆ ಬರುತ್ತದೆ. ಇಬ್ಬರಲ್ಲೂ ದೋಷ ಇದ್ದಾಗ ಅದರ ಸಾಧ್ಯತೆ ಪ್ರತಿ ಬಸಿರಿಗೂ 25%.

ಅಣ್ಣನಿಗೆ ಪಾಸಿಟಿವ್ ಬಂತು, ವೈನಿಗೆ ನೆಗೆಟಿವ್. ವೈನಿ ಆ ಹಾಳೆ ನೋಡಿ ಮೊದಲು ನೆನೆದದ್ದು ತನ್ನ ಅವ್ವನನ್ನು. ನಿಮ್ಮ ಬಳಗದಲ್ಲಿ ಇಂಥ ಸಂಬಂಧದ ಮಾತು ನಡೆಯುತ್ತಿದ್ದರೆ, ಅಥವಾ ಆಗಲೇ ಮದುವೆಯಾಗಿ ಮಕ್ಕಳ ಯೋಚನೆ ಇದ್ದರೆ, ಜೆನೆಟಿಕ್ ಕೌನ್ಸೆಲರಿಗೆ (ವಂಶದ ಕಾಯಿಲೆ, ಜೀನ್ ಪರೀಕ್ಷೆ ಬಗ್ಗೆ ಸಲಹೆ ಕೊಡುವವರು) ಈ ನಂಟನ್ನು ಮುಚ್ಚಿಡದೆ ಹೇಳಿ. ಗಿಡ ಬರೆಯುವಾಗ ಆ ಗಂಡ-ಹೆಂಡತಿಯ ನಡುವೆ ಎರಡು ಗೆರೆ ಎಳೆದು ತೋರಿಸಿ.

ಹೇಗೆ ಹೇಳಲಿ? ಯಾವಾಗ ಹೇಳಲಿ?

ನಾನು ಮಾಡಿದ ತಪ್ಪು ಮೊದಲು ಕೇಳಿ. ಕಾಕಾನ ದೊಡ್ಡ ಮಗಳಿಗೆ ಹಾಗಾದ ಮೇಲೆ ತಡೆಯಲಾಗದೆ ಒಂದು ಮುಂಜಾನೆ ಇಡೀ ರಿಪೋರ್ಟನ್ನು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದೆ. 34 ಮಂದಿ ಇದ್ದ ಗುಂಪು. ಹನ್ನೊಂದು ಕೈಮುಗಿದ ಚಿತ್ರ ಬಂದವು. ಒಬ್ಬರು ಹನುಮಪ್ಪನ ಫೋಟೊ ಹಾಕಿದರು. ಒಬ್ಬರೂ ಫೋನ್ ಮಾಡಲಿಲ್ಲ. ಇಂಗ್ಲಿಷ್‌ನಲ್ಲಿದ್ದ ಹದಿನಾಲ್ಕು ಪುಟ ಓದಿ ಅದು ತಮಗೂ ಸಂಬಂಧಪಟ್ಟದ್ದು ಅಂತ ಯಾರಿಗೆ ಹೊಳೆಯಬೇಕು?

ಆಮೇಲೆ ಒಬ್ಬೊಬ್ಬರ ಮನೆಗೇ ಹೋದೆ. ಹಾವೇರಿಗೆ ಎರಡು ಸಲ, ರಾಣೆಬೆನ್ನೂರಿಗೆ ಮೂರು ಸಲ. ಧಾರವಾಡದ ತಮ್ಮನಿಗೆ ಚಿಗರಿ ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಹೇಳಿದೆ. ಎದುರೆದುರು ಕೂತರೆ ಅವನು ಕಣ್ಣು ತಪ್ಪಿಸುತ್ತಿದ್ದ, ಕಿಟಕಿ ನೋಡುತ್ತಾ ಎಲ್ಲ ಕೇಳಿಸಿಕೊಂಡ. ಹೀಗೆ ಮಾಡುತ್ತಾ ಕಲಿತದ್ದನ್ನು ಹೇಳುತ್ತೇನೆ.

ಸಮಯ ನೋಡಿ. ಕುಬಸ, ಲಗ್ನ, ದಿನಕಾರ್ಯದ ಮನೆಯಲ್ಲಿ ಬೇಡ. ನಾಗರಪಂಚಮಿ ನನಗೆ ಸಿಕ್ಕ ಒಳ್ಳೆಯ ಹೊತ್ತು. ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿರುತ್ತಾರೆ, ಅತ್ತೆಮನೆಯವರ ಕಿವಿ ಇರುವುದಿಲ್ಲ, ಉಂಡಿ ಕಟ್ಟುತ್ತಾ ಕೂತಾಗ ಮಾತಿಗೆ ಪುರುಸೊತ್ತು ಇರುತ್ತದೆ. ಆ ವರ್ಷ ಐದು ಮಂದಿ ಅಕ್ಕ-ತಂಗಿಯರಿಗೆ ಶೇಂಗಾ ಉಂಡಿ ಕಟ್ಟುತ್ತಲೇ ಹೇಳಿದೆ. ಮೂವರು ದೀಪಾವಳಿಯ ಒಳಗೆ ರಕ್ತ ಕೊಟ್ಟರು.

ಮೊದಲ ಮಾತಿನಲ್ಲೇ "ನಿನಗೂ ಕ್ಯಾನ್ಸರ್ ಬರಬಹುದು" ಅನ್ನಬೇಡಿ. ನಿಮ್ಮದನ್ನು ಹೇಳಿ. "ನನ್ನ ರಕ್ತದಲ್ಲಿ ಹಿಂಗೊಂದು ಸಿಕ್ಕೈತಿ. ನಮ್ಮಪ್ಪ, ನಿಮ್ಮಪ್ಪ ಒಂದೇ ಹೊಟ್ಟಿಯವರು. ನಿನಗೂ ಇರಬಹುದು, ಇಲ್ಲದೆಯೂ ಇರಬಹುದು. ಗೊತ್ತಾದರ ಮಾಡೋದು ಬಹಳ ಐತಿ." ಇಷ್ಟೇ. ಆಮೇಲೆ ಸುಮ್ಮನಿರಿ. ಅವರು ಅಳಲಿ, ಬೈಯಲಿ, ಚಹಾ ಮಾಡೋಕೆ ಎದ್ದು ಹೋಗಲಿ. ತಡೆಯಬೇಡಿ.

ಏಳುವ ಮೊದಲು ಕಾಗದ ಕೈಗೆ ಕೊಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. "ಪರೀಕ್ಷೆ ಮಾಡಿಸು" ಎಂಬ ಮಾತು ಒಂದು ವಾರಕ್ಕೆ ಮರೆಯುತ್ತದೆ, ನೆನಪಿದ್ದರೂ ಡಾಕ್ಟರ ಮುಂದೆ ಏನು ಹೇಳಬೇಕು ಅಂತ ಅವರಿಗೆ ಗೊತ್ತಿರುವುದಿಲ್ಲ. ರಿಪೋರ್ಟಿನ ಒಂದು ಪುಟದಲ್ಲಿ ಜೀನ್‌ನ ಹೆಸರು, ಅದರ ಮುಂದೆ ಇಂಗ್ಲಿಷಿನ ಸಣ್ಣ 'ಸಿ' ಅಕ್ಷರ, ಒಂದು ಚುಕ್ಕಿ, ಆಮೇಲೆ ಅಂಕಿಗಳು ಇರುತ್ತವೆ. ಆ ಸಾಲೇ ನಿಮ್ಮ ಮನೆತನದ ದೋಷದ ವಿಳಾಸ. ಲ್ಯಾಬಿನವರಿಗೆ ಅದು ಬೇಕೇ ಬೇಕು. ನಾನು ಆ ಪುಟದ ಇಪ್ಪತ್ತು ಝೆರಾಕ್ಸ್ ಮಾಡಿಸಿ, ಆ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಹಿಂದೆ ಕನ್ನಡದಲ್ಲಿ ಹೀಗೆ ಬರೆದೆ:

"ಇದು ನಿಮ್ಮ ಅಕ್ಕನ ರಿಪೋರ್ಟು. ಕ್ಯಾನ್ಸರ್ ಡಾಕ್ಟರ್ ಅಥವಾ ಜೆನೆಟಿಕ್ ಕೌನ್ಸೆಲರಿಗೆ ಇದನ್ನು ತೋರಿಸಿ, ನಮ್ಮ ಮನೆತನದಲ್ಲಿ ಇದಿದೆ, ನನಗೂ ಇದೊಂದನ್ನು ನೋಡಿ ಅಂತ ಹೇಳಿ. ಒಬ್ಬರೇ ಹೋಗಲು ಅಂಜಿಕೆಯಾದರೆ ಫೋನ್ ಮಾಡಿ, ನಾನು ಬರುತ್ತೇನೆ."

ಕೊನೆಯ ಸಾಲು ಬರೆದದ್ದಕ್ಕೆ ಆರು ಸಲ ಹೋಗಿದ್ದೇನೆ.

ಡಾಕ್ಟರೇ ಅವರಿಗೆ ಹೇಳಲಿ ಅಲ್ವಾ?

ಡಾಕ್ಟರು ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ರಿಪೋರ್ಟನ್ನು ಬೇರೆಯವರಿಗೆ ಹೇಳುವ ಹಾಗಿಲ್ಲ. ಬಳಗಕ್ಕೆ ಕೊಡಲು ಒಂದು ಪತ್ರ ಬರೆದುಕೊಡಿ ಅಂತ ಕೇಳಿದರೆ ಬರೆದುಕೊಡುತ್ತಾರೆ. ತಲುಪಿಸಬೇಕಾದವರು ನೀವೇ.

"ಗೊತ್ತಾಗಿ ಏನ ಮಾಡೋದೈತಿ? ಬಂದಾಗ ನೋಡಿದ್ರಾತು" ಅಂತಾರೆ. ಏನು ಹೇಳಲಿ?

ಇದಕ್ಕೆ ಧೈರ್ಯದ ಮಾತು ಸಾಲದು, ಲೆಕ್ಕ ಹೇಳಬೇಕು. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, 80 ವರ್ಷದ ಹೊತ್ತಿಗೆ ಎದೆಯ ಕ್ಯಾನ್ಸರ್ ಬರುವ ಸಾಧ್ಯತೆ ಬಿಆರ್‌ಸಿಎ1 ದೋಷ ಇದ್ದ ಹೆಂಗಸರಲ್ಲಿ ಸುಮಾರು 72%, ಬಿಆರ್‌ಸಿಎ2 ಇದ್ದವರಲ್ಲಿ 69%. ಅಂಡಾಶಯದ ಕ್ಯಾನ್ಸರ್ 44% ಮತ್ತು 17%. ಅದು ಬಹುಮಟ್ಟಿಗೆ ಪಶ್ಚಿಮದ ದೇಶಗಳ ಹೆಂಗಸರ ಲೆಕ್ಕ, ಒಬ್ಬೊಬ್ಬರಲ್ಲಿ ಹೆಚ್ಚು ಕಡಿಮೆ ಆಗುತ್ತದೆ. ಆದರೂ ಸಣ್ಣ ಅಪಾಯ ಅಲ್ಲ ಅನ್ನುವುದು ಸ್ಪಷ್ಟ.

ಗೊತ್ತಾದರೆ ಏನು ಮಾಡಬಹುದು? ಸಾಮಾನ್ಯವಾಗಿ 25ನೇ ವಯಸ್ಸಿನಿಂದ ವರ್ಷಕ್ಕೊಮ್ಮೆ ಎದೆಯ ಎಂಆರ್‌ಐ, 30ರಿಂದ ಜೊತೆಗೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ). ಗಂಟು ಬೆರಳಿಗೆ ಹತ್ತುವ ಮೊದಲೇ ಯಂತ್ರಕ್ಕೆ ಕಾಣುತ್ತದೆ. ಅಂಡಾಶಯಕ್ಕೆ ಮಾತ್ರ ಮುಂಚೆಯೇ ಹಿಡಿಯುವ ಭರವಸೆಯ ಪರೀಕ್ಷೆ ಇಲ್ಲ. ಅದಕ್ಕೇ ಮಕ್ಕಳಾದ ಮೇಲೆ, ಬಿಆರ್‌ಸಿಎ1 ಇದ್ದವರು 35ರಿಂದ 40ರ ನಡುವೆ, ಬಿಆರ್‌ಸಿಎ2 ಇದ್ದವರು 40ರಿಂದ 45ರ ನಡುವೆ ಅಂಡಾಶಯ ಮತ್ತು ಅಂಡನಾಳ ತೆಗೆಸಿಕೊಳ್ಳುವ ಸಲಹೆ ಕೊಡುತ್ತಾರೆ. ಆ ಕ್ಯಾನ್ಸರಿನ ಅಪಾಯ ಇದರಿಂದ ಸುಮಾರು 80% ಇಳಿಯುತ್ತದೆ. ಮುಟ್ಟು ಬೇಗ ನಿಲ್ಲುತ್ತದೆ, ಮೈ ಬಿಸಿಯೇರುತ್ತದೆ, ಎಲುಬಿನ ಕಾಳಜಿ ಬೇಕು. ಇದನ್ನೂ ಮುಚ್ಚಿಡದೆ ಹೇಳಿ. ಕೆಲವರು ಎರಡೂ ಎದೆ ತೆಗೆಸಿಕೊಳ್ಳುವ ದಾರಿ ಆರಿಸುತ್ತಾರೆ. ನಟಿ ಏಂಜಲೀನಾ ಜೋಲಿ 2013ರಲ್ಲಿ ತಾವು ಹಾಗೆ ಮಾಡಿಸಿಕೊಂಡದ್ದನ್ನು ಪತ್ರಿಕೆಯಲ್ಲಿ ಬರೆದ ಮೇಲೆ ಲೋಕಕ್ಕೆಲ್ಲ ಬಿಆರ್‌ಸಿಎ ಎಂಬ ಹೆಸರು ಗೊತ್ತಾಯಿತು. ಅದು ಕಡ್ಡಾಯ ಅಲ್ಲ. ಬರೀ ತಪಾಸಣೆಯಲ್ಲೇ ಇರುವವರೂ ಬಹಳ.

ಗಂಡಸರಿಗೆ ಬಿಆರ್‌ಸಿಎ2 ಇದ್ದರೆ 40ರಿಂದ ಪಿಎಸ್‌ಎ. ಲಿಂಚ್ ಸಿಂಡ್ರೋಮ್ ಇದ್ದವರಿಗೆ ಸಾಮಾನ್ಯವಾಗಿ 20-25ನೇ ವಯಸ್ಸಿನಿಂದ ಒಂದೆರಡು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವುದು). ಕರುಳಿನ ಸಣ್ಣ ಗಂಟನ್ನು ಅಲ್ಲೇ ಕಿತ್ತು ತೆಗೆದರೆ ಅದು ಕ್ಯಾನ್ಸರ್ ಆಗುವುದೇ ಇಲ್ಲ.

ಲಗ್ನ ಆಗದ ಹುಡುಗಿಯರಿಗೆ ಹೇಳಬೇಕಾ? ಸಂಬಂಧ ತಪ್ಪಿದರೆ?

ಈ ಅಂಜಿಕೆ ನನಗೂ ಇತ್ತು, ಅದರ ಬೆಲೆ ಏನಾಯಿತು ಅಂತ ಮೇಲೆ ಬರೆದಿದ್ದೇನೆ. ಅಂಜಿಕೆ ಸುಳ್ಳಲ್ಲ. ಕನ್ಯೆ ನೋಡಲು ಬಂದವರು ಮನೆತನದ ರೋಗ-ರುಜಿನ ವಿಚಾರಿಸುತ್ತಾರೆ. ಒಬ್ಬ ಹುಡುಗಿಯ ಮಾತು ಹೊರಬಿದ್ದರೆ ಅವಳ ತಂಗಿಗೂ ತಾಗುತ್ತದೆ.

ಆದರೂ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಹುಡುಗಿಗೆ ಹೇಳಬೇಕು. 18 ದಾಟಿದವಳಿಗೆ ತನ್ನ ಮೈಯ ವಿಷಯ ತಿಳಿಯುವ ಹಕ್ಕಿದೆ. ಅವಳಿಗೆ ಹೇಳುವುದು ಬೇರೆ, ಊರಿಗೆ ಹೇಳುವುದು ಬೇರೆ. ಪರೀಕ್ಷೆ ಈಗಲೇ ಮಾಡಿಸಬೇಕು ಅಂತಲೂ ಇಲ್ಲ. ತಪಾಸಣೆ ಶುರುವಾಗುವುದೇ 25ರ ಹೊತ್ತಿಗೆ. ಅಷ್ಟರೊಳಗೆ ಅವಳು ತನಗೆ ಯಾವಾಗ ಬೇಕೋ ಆಗ ಮಾಡಿಸಲಿ. ರಿಪೋರ್ಟ್ ಅವಳದ್ದು, ಅವಳ ಒಪ್ಪಿಗೆ ಇಲ್ಲದೆ ಅಪ್ಪನೂ ಯಾರಿಗೂ ತೋರಿಸಬಾರದು. ಮದುವೆಯಾಗುವ ಹುಡುಗನಿಗೆ ಹೇಳುವುದು ಅವಳ ತೀರ್ಮಾನ. ನಮ್ಮ ಬಳಗದ ಒಬ್ಬಳು ನಿಶ್ಚಿತಾರ್ಥಕ್ಕೆ ಮೊದಲೇ ಉಣಕಲ್ ಕೆರೆಯ ದಂಡೆಯಲ್ಲಿ ಹುಡುಗನಿಗೆ ತಾನೇ ಹೇಳಿದಳು. ಅವನು ಎರಡು ದಿನ ಟೈಮ್ ಕೇಳಿ, ಮೂರನೆಯ ದಿನ ಡಾಕ್ಟರ ಹತ್ತಿರ ಜೊತೆಗೆ ಬಂದ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ.

ಸಣ್ಣ ಮಕ್ಕಳಿಗೆ ಮಾಡಿಸಬೇಕಾ?

ಬಿಆರ್‌ಸಿಎಗೆ ಬೇಡ. ಆ ವಯಸ್ಸಿನಲ್ಲಿ ಮಾಡುವಂಥದ್ದು ಏನೂ ಇಲ್ಲ, ದೊಡ್ಡವರಾಗಿ ಅವರೇ ನಿರ್ಧರಿಸಲಿ. ಅಣ್ಣನ ಮಕ್ಕಳಿಗೆ 14 ಮತ್ತು 11. ಕಾಯುತ್ತಿದ್ದೇವೆ. ಆದರೆ ಕರುಳಿನಲ್ಲಿ ನೂರಾರು ಗಂಟು ಬರುವ ಎಫ್‌ಎಪಿ, ಕಣ್ಣಿನ ಕ್ಯಾನ್ಸರ್ ಆದ ರೆಟಿನೊಬ್ಲಾಸ್ಟೊಮಾ, ಸಣ್ಣ ವಯಸ್ಸಿನಿಂದಲೇ ಬೇರೆ ಬೇರೆ ಕ್ಯಾನ್ಸರ್ ಬರಬಹುದಾದ ಲೀ-ಫ್ರೌಮೆನಿ ಸಿಂಡ್ರೋಮ್ ಇಂಥ ಕೆಲವು ಮಕ್ಕಳ ವಯಸ್ಸಿನಲ್ಲೇ ತೊಂದರೆ ಕೊಡುತ್ತವೆ. ಅವುಗಳಿಗೆ ಬೇಗ ಮಾಡಿಸಬೇಕು.

ರಿಪೋರ್ಟಿನಲ್ಲಿ 'ವಿಯುಎಸ್' ಅಂತ ಬಂದಿದೆ. ಬಳಗಕ್ಕೆ ಹೇಳಲಾ?

ಬದಲಾವಣೆ ಕಂಡಿದೆ, ಅದು ಕೆಟ್ಟದ್ದೋ ಅಲ್ಲವೋ ಇನ್ನೂ ತಿಳಿದಿಲ್ಲ ಅಂತ ಅದರ ಅರ್ಥ. ನಮ್ಮ ದೇಶದವರ ಜೀನ್ ಮಾಹಿತಿ ಇನ್ನೂ ಕಡಿಮೆ ಇರುವುದರಿಂದ ನಮ್ಮಲ್ಲಿ ಇದು ಜಾಸ್ತಿ ಬರುತ್ತದೆ. ಅದನ್ನು ನೋಡಿ ಬಳಗದವರು ಪರೀಕ್ಷೆಗೆ ಓಡುವುದು ಬೇಡ, ಆಪರೇಷನ್ ಅಂತೂ ಬೇಡವೇ ಬೇಡ. ಮುಂದೆ ಲ್ಯಾಬಿನವರು ಅದರ ಅರ್ಥ ಬದಲಿಸಬಹುದು, ಒಂದೆರಡು ವರ್ಷಕ್ಕೊಮ್ಮೆ ಕೇಳಿ.

ನೆಗೆಟಿವ್ ಬಂದರೆ ನಿಶ್ಚಿಂತೆಯಾ?

ಮನೆತನದ ದೋಷ ಯಾವುದು ಅಂತ ಗೊತ್ತಿದ್ದು, ಅದು ನಿಮ್ಮಲ್ಲಿ ಇಲ್ಲ ಅಂತ ಬಂದರೆ, ನಿಮ್ಮ ಅಪಾಯ ಹೆಚ್ಚುಕಡಿಮೆ ಎಲ್ಲರಷ್ಟೇ. ಸೊನ್ನೆ ಅಲ್ಲ. ಎಲ್ಲರಂತೆ ವಯಸ್ಸಿಗೆ ತಕ್ಕ ತಪಾಸಣೆ ಮಾಡಿಸಿಕೊಳ್ಳಿ. ಒಂದು ಮಾತು, ನೆಗೆಟಿವ್ ಬಂದವರು ಅಳುವುದನ್ನು ನಾನು ಕಂಡಿದ್ದೇನೆ. "ಅಣ್ಣಗ ಬಂತು, ನನಗ ಬರಲಿಲ್ಲ" ಅಂತ. ಅವರ ಹತ್ತಿರವೂ ಸ್ವಲ್ಪ ಹೊತ್ತು ಕೂತಿರಿ.

ಎಲ್ಲಿ ಮಾಡಿಸೋದು? ಖರ್ಚೆಷ್ಟು?

ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, ಕಿಮ್ಸ್ (ಈಗ ಕೆಎಂಸಿಆರ್‌ಐ), ಧಾರವಾಡದ ಸತ್ತೂರಿನ ಎಸ್‌ಡಿಎಂ, ಅಥವಾ ನೀವು ತೋರಿಸುವ ಬೇರೆ ಕ್ಯಾನ್ಸರ್ ಡಾಕ್ಟರ ಹತ್ತಿರ ಮೊದಲು ವಿಚಾರಿಸಿ. ರಕ್ತ ಇಲ್ಲೇ ತೆಗೆದು ದೊಡ್ಡ ಊರಿನ ಲ್ಯಾಬಿಗೆ ಕಳಿಸಬಹುದು. ನೇರಳೆ ಮುಚ್ಚಳದ ಒಂದು ಸಣ್ಣ ಬಾಟಲಿಯಷ್ಟು ರಕ್ತ, ಉಪವಾಸ ಬೇಡ. ಜೊಲ್ಲು ಕೊಡುವುದಾದರೆ ಅರ್ಧ ತಾಸು ಮೊದಲು ಏನೂ ತಿನ್ನಬಾರದು, ಎಲೆ-ಅಡಿಕೆಯೂ ಬೇಡ. ರಿಪೋರ್ಟಿಗೆ ಮೂರು ನಾಲ್ಕು ವಾರ. ಜೆನೆಟಿಕ್ ಕೌನ್ಸೆಲರ್ ಇಲ್ಲಿ ಸಿಗದಿದ್ದರೆ ವಿಡಿಯೊ ಕಾಲ್‌ನಲ್ಲೂ ಮಾತಾಡಬಹುದು, ಕನ್ನಡದಲ್ಲಿ ಮಾತಾಡುವವರು ಬೇಕು ಅಂತ ಮೊದಲೇ ಕೇಳಿ. ಬೆಂಗಳೂರಿನ ಕಿದ್ವಾಯಿ, ಮುಂಬೈಯ ಟಾಟಾ ಮೆಮೋರಿಯಲ್‌ಗೆ ಆಗಲೇ ಹೋಗಿಬರುವವರು ಅಲ್ಲಿಯೂ ಕೇಳಬಹುದು.

ಮನೆತನದಲ್ಲಿ ಮೊದಲು ಮಾಡಿಸುವವರಿಗೆ ಎಷ್ಟೋ ಜೀನ್‌ಗಳನ್ನು ಒಟ್ಟಿಗೆ ನೋಡಬೇಕು, ಅದಕ್ಕೆ ಹಣ ಜಾಸ್ತಿ. ಆಮೇಲಿನವರಿಗೆ ಗೊತ್ತಿರುವ ಒಂದೇ ಜಾಗ ನೋಡುವುದರಿಂದ ಬಹಳ ಕಡಿಮೆ. ಕೆಲವು ಲ್ಯಾಬಿನವರು ಹತ್ತಿರದ ಸಂಬಂಧಿಕರಿಗೆ ರಿಯಾಯಿತಿ ಅಥವಾ ಪುಕ್ಕಟೆ ಮಾಡುತ್ತಾರೆ, ಅದಕ್ಕೆ ಕಾಲಮಿತಿ ಇರಬಹುದು. ಮೊದಲ ರಕ್ತ ಕೊಡುವಾಗಲೇ ಕೇಳಿ. ನಮ್ಮ ಮನೆಯಲ್ಲಿ ಭಿಶಿ ಹಾಕಿದ ಹಾಗೆ ನಾಲ್ಕು ಮನೆಯವರು ಹಣ ಸೇರಿಸಿ ಇಬ್ಬರಿಗೆ ಮಾಡಿಸಿದೆವು.

ಇನ್ಶೂರೆನ್ಸ್‌ಗೆ ತೊಂದರೆ ಆಗುತ್ತಾ?

ಆನುವಂಶಿಕ ಕಾಯಿಲೆ ಎಂಬ ಕಾರಣವೊಂದನ್ನೇ ಮುಂದಿಟ್ಟು ಆರೋಗ್ಯ ವಿಮೆಯ ಕ್ಲೇಮ್ ತಳ್ಳಿಹಾಕಬಾರದು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2018ರ ಮಾರ್ಚಿನಲ್ಲಿ ಕಂಪನಿಗಳಿಗೆ ಸೂಚಿಸಿದೆ. ಆದರೂ ಪರೀಕ್ಷೆ ಮಾಡಿಸುವ ಮೊದಲೇ ಒಂದು ಪಾಲಿಸಿ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಫಾರ್ಮಿನಲ್ಲಿ ಕೇಳಿದ್ದಕ್ಕೆ ಸುಳ್ಳು ಬರೆಯಬೇಡಿ, ಆಮೇಲೆ ಅದೇ ಕುತ್ತಿಗೆಗೆ ಬರುತ್ತದೆ.

ಎಷ್ಟು ಹೇಳಿದರೂ ಬೇಡ ಅಂತಾರೆ. ಬಿಟ್ಟುಬಿಡಲಾ?

ಒತ್ತಾಯ ಮಾಡಬೇಡಿ. ತಿಳಿಯದೆ ಇರುವುದೂ ಅವರ ಹಕ್ಕು. ಆದರೆ ಒಂದು ಸಲ ಬೇಡ ಅಂದದ್ದು ಯಾವಾಗಲೂ ಬೇಡ ಅಂತ ಅಲ್ಲ. ಮಗಳು ದೊಡ್ಡವಳಾದಾಗ, ಪರಿಚಯದವರಿಗೆ ಯಾರಿಗೋ ಕಾಯಿಲೆ ಬಂದಾಗ, ಸುಮ್ನೆ ಒಂದು ದಿನ ಮನಸ್ಸು ಬದಲಾಗುತ್ತದೆ. ಪರೀಕ್ಷೆ ಬೇಡ ಅಂದವರೂ ತಪಾಸಣೆ ಮಾಡಿಸಿಕೊಳ್ಳಬಹುದು, ಅಷ್ಟಾದರೂ ಹೇಳಿ. ಮನೆತನದಲ್ಲಿ ದೋಷ ಇದೆ ಎಂಬ ಮಾತನ್ನು ಡಾಕ್ಟರಿಗೆ ತಿಳಿಸಿದರೆ ಸಾಕು, ಅವರು ಅದಕ್ಕೆ ತಕ್ಕ ಹಾಗೆ ನೋಡುತ್ತಾರೆ.

ನನ್ನ ಒಡಹುಟ್ಟಿದ ತಂಗಿ ಇನ್ನೂ ಮಾಡಿಸಿಲ್ಲ. ಐದು ವರ್ಷ ಆಯಿತು. ಮೊದಲ ವರ್ಷ ಮಾತು ತೆಗೆದರೆ ಫೋನ್ ಇಡುತ್ತಿದ್ದಳು. ಈಗ ವರ್ಷಕ್ಕೊಮ್ಮೆ, ಪಂಚಮಿಗೆ ಬಂದಾಗ, ಒಂದೇ ಸಲ ಕೇಳುತ್ತೇನೆ. ಹೋದ ವರ್ಷ "ನೋಡೋಣ ತಡಿ" ಅಂದಳು. ಈ ವರ್ಷ ಊರಿಗೆ ಹೊರಟಾಗ ಬ್ಯಾಗಿನಲ್ಲಿ ಉಂಡಿ ಡಬ್ಬಿಯ ಕೆಳಗೆ ಆ ಝೆರಾಕ್ಸ್ ಇಡಲು ಹೋದೆ. ಮೊದಲಿನದೇ ಒಂದು ಅಲ್ಲಿತ್ತು, ಪ್ಲಾಸ್ಟಿಕ್ ಕವರಿನಲ್ಲಿ, ನಾಲ್ಕು ಮಡಿಕೆ ಮಾಡಿ.